ಮುಳ್ಳಯ್ಯನಗಿರಿ ‘ಮಲಗಿರುವ ಜ್ವಾಲಾಮುಖಿ’ಯೇ? ಯಾಣದ ಬಂಡೆ ಹೆಪ್ಪುಗಟ್ಟಿದ ಲಾವಾರಸವೇ? ಗುಡ್ಡ ಹತ್ತುವ ಮುನ್ನ ಓದಿ

ರಜೆ ಬಂತೆಂದರೆ ನಮ್ಮ ಮೊಬೈಲುಗಳಿಗೆ ಎರಡು ಬಗೆಯ ಸಂದೇಶ ಬರತೊಡಗುತ್ತವೆ. ಒಂದು, ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲು ಹಳೆಯ ಜ್ವಾಲಾಮುಖಿಯ ಬಾಯಿ, ಅದಕ್ಕೇ ಅದು ಕುದುರೆ ಲಾಳದ ಆಕಾರದಲ್ಲಿದೆ ಎನ್ನುವುದು. ಇನ್ನೊಂದು, ಯಾಣದ ಕರಿ ಬಂಡೆಗಳು ಲಾವಾರಸ ಹೆಪ್ಪುಗಟ್ಟಿ ಆದವು ಎನ್ನುವುದು. ಕೆಳಗೆ ಒಂದು ಕೆಂಪು ಬೆಂಕಿಯ ಫೋಟೊ, ಮೇಲೆ ‘ಎಲ್ಲರಿಗೂ ಕಳಿಸಿ’. ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲ ಕಡೆಯಿಂದ ಮಿನಿ ಬಸ್ಸು ಮಾಡಿಕೊಂಡು ಹೊರಡುವ ಗುಂಪುಗಳಿಗೆ ಈ ಎರಡೂ ಜಾಗ ಚೆನ್ನಾಗಿ ಗೊತ್ತು. ಹಾಗಾಗಿ ಪ್ರಶ್ನೆಯೂ ಸಹಜ: ನಾವು ಬುತ್ತಿ ಬಿಚ್ಚಿ ಕೂರುವ ಬಂಡೆಯ ಕೆಳಗೆ ಬೆಂಕಿ ಇದೆಯೇ?

ಚುಟುಕಾಗಿ ಹೇಳಿಬಿಡುತ್ತೇವೆ. ಇಲ್ಲ. ಕರ್ನಾಟಕದಲ್ಲಿ ಜೀವಂತ ಜ್ವಾಲಾಮುಖಿಯೂ ಇಲ್ಲ, ಮಲಗಿರುವ ಜ್ವಾಲಾಮುಖಿಯೂ ಇಲ್ಲ. ಆದರೆ ಲಾವಾರಸ ಆರಿ ಆದ ಕಲ್ಲು ಧಾರಾಳವಾಗಿದೆ. ಅದು ಇರುವ ಜಾಗ ಫಾರ್ವರ್ಡ್ ಹೇಳುವಲ್ಲಿ ಅಲ್ಲ, ಅಷ್ಟೇ. ಒಂದಷ್ಟು ಹಿರೇಕೆರೂರು ಸೀಮೆಯಲ್ಲೇ ಇದೆ.

ಮುಳ್ಳಯ್ಯನಗಿರಿ: ಅರ್ಧ ಸತ್ಯ

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಅದು ಇರುವ ಬೆಟ್ಟಸಾಲಿಗೆ ಚಂದ್ರದ್ರೋಣ ಎನ್ನುತ್ತಾರೆ. ಅರ್ಧಚಂದ್ರನ ಹಾಗೆ ಬಾಗಿದೆ. ಮೇಲೆ ನಿಂತು ನೋಡಿದರೆ ಸುತ್ತ ಗೋಡೆ, ನಡುವೆ ಕಣಿವೆ. ಜ್ವಾಲಾಮುಖಿಯ ಬಾಯಿಯ ಚಿತ್ರ ನೋಡಿದವರಿಗೆ ಹೋಲಿಕೆ ಹೊಳೆಯುವುದರಲ್ಲಿ ತಪ್ಪೇನಿಲ್ಲ.

ಆದರೆ ಶಿಖರದ ಕಲ್ಲು ಬೇರೆಯೇ ಕಥೆ ಹೇಳುತ್ತದೆ. ಕೆಂಪು, ಕಪ್ಪು, ಬೂದು ಗೆರೆಗಳು ಸೀರೆಯ ಅಂಚಿನ ಹಾಗೆ ಒಂದರ ಮೇಲೊಂದು ಕೂತ ಪದರಗಲ್ಲು ಅದು. ಕಬ್ಬಿಣದ ಅಂಶ ತುಂಬಿರುವ ಈ ಕಲ್ಲು ಲಾವಾರಸದಿಂದ ಆದದ್ದಲ್ಲ. ಬಹಳ ಹಿಂದಿನ ಕಡಲೊಂದರ ತಳದಲ್ಲಿ ಪದರ ಪದರವಾಗಿ ಕೂತ ಕಬ್ಬಿಣ ಮತ್ತು ಸಿಲಿಕಾ ಗಟ್ಟಿಯಾಗಿ ಆದದ್ದು. ಭೂವಿಜ್ಞಾನಿಗಳು ಈ ಪದರಕ್ಕೆ ಮುಳ್ಳಯ್ಯನಗಿರಿಯ ಹೆಸರನ್ನೇ ಇಟ್ಟಿದ್ದಾರೆ. ಅಂದರೆ ರಾಜ್ಯದ ಅತಿ ಎತ್ತರದ ಜಾಗದಲ್ಲಿ ನಿಂತಾಗ ನಿಮ್ಮ ಕಾಲಡಿ ಇರುವುದು ಒಂದು ಕಾಲದ ಕಡಲ ತಳ. ನಮಗಂತೂ ಜ್ವಾಲಾಮುಖಿ ಕಥೆಗಿಂತ ಇದೇ ಹೆಚ್ಚು ಸೋಜಿಗ ಅನಿಸುತ್ತದೆ.

ಹಾಗಾದರೆ ಅರ್ಧ ಸತ್ಯ ಎಂದೆವಲ್ಲ, ಆ ಅರ್ಧ ಎಲ್ಲಿದೆ? ಈ ಕಬ್ಬಿಣದ ಪದರದ ಕೆಳಗೆ. ಅದೇ ಬೆಟ್ಟಸಾಲಿನ ಸಂತವೇರಿ ಊರಿನ ಹೆಸರಿರುವ ಪದರ, ಅದಕ್ಕೂ ಕೆಳಗಿನ ಪದರಗಳು ಇವುಗಳಲ್ಲಿ ಲಾವಾರಸದ ಕಲ್ಲು ಸಾಕಷ್ಟಿದೆ. ಕೆಲವು ಕಡೆ ಆ ಕಲ್ಲಿನಲ್ಲಿ ಬಟಾಣಿ ಗಾತ್ರದ ಬಿಳಿ ಚುಕ್ಕೆಗಳು ಕಾಣುತ್ತವೆ. ಬಿಸಿ ಲಾವಾದೊಳಗಿನ ಗಾಳಿಗುಳ್ಳೆಗಳ ಗುರುತು ಅವು. ದೋಸೆ ಕಾವಲಿಯ ಮೇಲೆ ಹಿಟ್ಟು ತೂತು ಬೀಳುತ್ತದಲ್ಲ, ಹಾಗೆ. ಆಮೇಲೆ ಆ ತೂತುಗಳಲ್ಲಿ ಬೇರೆ ಖನಿಜ ತುಂಬಿಕೊಂಡಿದೆ. ಈ ಪದರಗಳ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ.

ಆದರೆ ಲಾವಾ ಕಲ್ಲು ಇದ್ದ ಮಾತ್ರಕ್ಕೆ ಬೆಟ್ಟ ಜ್ವಾಲಾಮುಖಿ ಆಗುವುದಿಲ್ಲ. ಇಟ್ಟಿಗೆ ಗೂಡಿನಿಂದ ತಂದ ಇಟ್ಟಿಗೆಯಲ್ಲಿ ಕಟ್ಟಿದ ಮನೆಯನ್ನು ನಾವು ಗೂಡು ಅನ್ನುತ್ತೇವೆಯೇ? ಆ ಲಾವಾ ಹರಿದಾಗ ಇಲ್ಲಿ ಈ ಬೆಟ್ಟವೇ ಇರಲಿಲ್ಲ. ಪದರಗಳು ಚಪ್ಪಟೆಯಾಗಿ ಕೂತವು, ಹೂತವು, ಭೂಮಿಯ ಒತ್ತಡಕ್ಕೆ ಕಂಬಳಿಯ ಹಾಗೆ ಮಡಚಿಕೊಂಡವು. ಆಮೇಲೆ ಮಳೆ ಗಾಳಿಗೆ ಮೆತ್ತಗಿನ ಕಲ್ಲು ಸವೆದುಹೋಯಿತು, ಗಟ್ಟಿ ಕಬ್ಬಿಣದ ಪದರ ಏಣಿನಂತೆ ಎದ್ದು ನಿಂತಿತು. ಆ ಮಡಿಕೆಯ ಬಾಗೇ ಇಂದಿನ ಕುದುರೆ ಲಾಳ. ನಿಜವಾದ ಜ್ವಾಲಾಮುಖಿಯ ಬಾಯಿಯಾದರೆ ಕೆಲವೇ ಕೋಟಿ ವರ್ಷಗಳಲ್ಲಿ ಗುರುತು ಸಿಗದಂತೆ ಸವೆದುಹೋಗುತ್ತದೆ. 270 ಕೋಟಿ ವರ್ಷ ಅದರ ಆಕಾರ ಉಳಿಯುವ ಮಾತೇ ಇಲ್ಲ.

ಇದೇ ಕಬ್ಬಿಣದ ಕಾರಣಕ್ಕೆ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದು. ಅಲ್ಲಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿತ್ತು. ಒಂದು ಸಣ್ಣ ಉಪಯೋಗದ ಮಾತೂ ಇದೆ. ಈ ಬಂಡೆಗಳಲ್ಲಿ ಅಯಸ್ಕಾಂತ ಗುಣದ ಅದಿರು ಇರುವಲ್ಲಿ ಮೊಬೈಲಿನ ದಿಕ್ಸೂಚಿ ತಪ್ಪು ದಿಕ್ಕು ತೋರಿಸಬಹುದು. ಅದು ‘ಬೆಟ್ಟದ ಶಕ್ತಿ’ಯೇನಲ್ಲ. ಜಿಪಿಎಸ್ ಮಾತ್ರ ಇದರಿಂದ ಕೆಡುವುದಿಲ್ಲ, ಅದು ಉಪಗ್ರಹ ನಂಬಿಕೊಂಡದ್ದು.

ಯಾಣ: ಕಪ್ಪಗಿದ್ದರೆಲ್ಲ ಲಾವಾ ಅಲ್ಲ

ಕುಮಟಾ ತಾಲೂಕಿನ ಯಾಣಕ್ಕೆ ನಮ್ಮ ಕಡೆಯವರು ಶಿರಸಿ ಮೇಲೆ ಹಾಯ್ದು ಹೋಗುತ್ತಾರೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಎಂಬ ಪುರಾಣ ಕಥೆ ಇದೆ. ಪುರಾಣಕ್ಕೆ ಅದರದೇ ಬೆಲೆ ಇದೆ, ಅದನ್ನು ನಾವಿಲ್ಲಿ ಪರೀಕ್ಷೆಗೆ ಒಡ್ಡುತ್ತಿಲ್ಲ. ತೊಂದರೆ ಇರುವುದು ‘ಪುರಾಣದ ಬೂದಿ ಎಂದರೆ ಜ್ವಾಲಾಮುಖಿಯ ಬೂದಿ ಎಂದು ವಿಜ್ಞಾನಿಗಳೇ ಒಪ್ಪಿದ್ದಾರೆ’ ಎಂದು ಬಾಲ ಸೇರಿಸುವ ಸಂದೇಶದಲ್ಲಿ. ಯಾಣದ ಬಂಡೆ ಸುಣ್ಣದಕಲ್ಲಿನ ಜಾತಿಯದು. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ನೀರು ಲಕ್ಷಾಂತರ ವರ್ಷ ಸುಣ್ಣದಕಲ್ಲನ್ನು ಕರಗಿಸಿದರೆ ಹೀಗೆ ಚೂಪಾದ ಶಿಖರ, ಬಿರುಕು, ಗವಿಗಳು ಆಗುತ್ತವೆ. ಗವಿಯೊಳಗೆ ತಲೆಯ ಮೇಲಿಂದ ನೀರು ತೊಟ್ಟಿಕ್ಕುವುದನ್ನು ನೋಡಿದವರು ಆ ಕೆಲಸ ಇಂದಿಗೂ ನಡೆಯುತ್ತಿರುವುದನ್ನೇ ನೋಡಿದ್ದಾರೆ.

ಹಂಪಿಯ ಗುಂಡುಬಂಡೆಗಳನ್ನೂ ಜ್ವಾಲಾಮುಖಿ ಉಗುಳಿದ ಕಲ್ಲು ಎನ್ನುವವರಿದ್ದಾರೆ. ಅದೂ ಅಲ್ಲ. ಅದು ಗ್ರಾನೈಟ್, ನೆಲದಾಳದಲ್ಲೇ ನಿಧಾನವಾಗಿ ಆರಿದ ಶಿಲಾರಸ. ಮೇಲಿನ ಮಣ್ಣು ಸವೆದು ಈಗ ಹೊರಗೆ ಕಾಣುತ್ತಿದೆ.

ನಮ್ಮ ಎರೆ ಹೊಲ ಜ್ವಾಲಾಮುಖಿಯ ಬೂದಿಯೇ?

ಶಾಲೆಯಲ್ಲಿ ‘ಕಪ್ಪು ಮಣ್ಣು ಲಾವಾ ಶಿಲೆಯಿಂದ ಆದದ್ದು’ ಎಂದು ಓದಿದ್ದೇವೆ. ಆ ವಾಕ್ಯ ಮಹಾರಾಷ್ಟ್ರಕ್ಕೆ ಸರಿ, ವಿಜಯಪುರ, ಕಲಬುರಗಿಗೂ ಬಹುತೇಕ ಸರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲದ ಬಿರುಕುಗಳಿಂದ ಲಾವಾ ಮತ್ತೆ ಮತ್ತೆ ಉಕ್ಕಿ ಹರಿಯಿತು. ಇಂದಿಗೂ ಉಳಿದಿರುವ ಆ ಕಲ್ಲಿನ ಹಾಸು ಸುಮಾರು 5 ಲಕ್ಷ ಚದರ ಕಿಲೊಮೀಟರ್. ಇದನ್ನೇ ಡೆಕ್ಕನ್ ಟ್ರ್ಯಾಪ್ ಎನ್ನುವುದು. ಮಹಾಬಲೇಶ್ವರದ ಕಡೆ ಇದರ ದಪ್ಪ ಒಂದು ಕಿಲೊಮೀಟರ್‌ಗೂ ಮೀರುತ್ತದೆ. ಅಲ್ಲಿನ ಮೆಟ್ಟಿಲು ಮೆಟ್ಟಿಲಾದ ಕಡಿದಾದ ಗುಡ್ಡಗಳಲ್ಲಿ ಒಂದೊಂದು ಮೆಟ್ಟಿಲೂ ಒಂದೊಂದು ಹರಿವು ಎಂದು ತಿಳಿದರೆ ಹೆಚ್ಚು ತಪ್ಪಾಗದು. ಹಾಗಾಗಿ ‘ಲಾವಾ ಹಾಸಿನ ನಡುವೆ ನಿಂತು ಕಣಿವೆ ನೋಡಬೇಕು’ ಎಂಬ ಆಸೆ ಇದ್ದವರು ಐಸ್‌ಲ್ಯಾಂಡಿನವರೆಗೆ ಹೋಗಬೇಕಿಲ್ಲ, ಮಹಾಬಲೇಶ್ವರದ ಯಾವ ಪಾಯಿಂಟಿಗೆ ಹೋದರೂ ಆದೀತು. ವಿಜಯಪುರದ ಗೋಳಗುಮ್ಮಟ ಕಟ್ಟಿರುವುದೂ ಇದೇ ಕರಿಗಲ್ಲಿನಿಂದ. ಈ ಹಾಸಿನ ದಕ್ಷಿಣದ ಅಂಚು ಬೆಳಗಾವಿಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಹಾವೇರಿ ಜಿಲ್ಲೆ ಆ ಅಂಚಿನ ಹೊರಗಿದೆ. ಆದರೂ ಸವಣೂರು, ಶಿಗ್ಗಾವಿ, ರಾಣೆಬೆನ್ನೂರು ಕಡೆ ಎರೆ ಭೂಮಿ ಇದೆಯಲ್ಲ? ಇದೆ. ಏಕೆಂದರೆ ಎರೆ ಆಗಲು ಲಾವಾವೇ ಬೇಕೆಂದಿಲ್ಲ. ಸುಣ್ಣದ ಅಂಶ, ಕಬ್ಬಿಣ, ಮೆಗ್ನೀಸಿಯಂ ಇರುವ ಬೇರೆ ಕಲ್ಲುಗಳೂ ಮಳೆ ಕಡಿಮೆ ಇರುವ, ನೀರು ಬಸಿದು ಹೋಗದ ತಗ್ಗಿನಲ್ಲಿ ಸವೆದರೆ ಅದೇ ಬಗೆಯ ಜಿಗುಟು ಮಣ್ಣು ಆಗುತ್ತದೆ. ನೀರು ಕುಡಿದರೆ ಉಬ್ಬುವ, ಬಿಸಿಲಿಗೆ ಕೈ ಹೋಗುವಷ್ಟು ಬಿರುಕು ಬಿಡುವ ಗುಣ ಆ ಜಿಗುಟಿನದು. ಬೇಸಿಗೆಯಲ್ಲಿ ಹೊಲ ಬಾಯಿಬಿಟ್ಟಿತೆಂದರೆ ಅಡಿಯಲ್ಲಿ ಕಾವಿದೆ ಎಂದು ಅರ್ಥವಲ್ಲ.

ಹಾಗೆಂದು ನಮ್ಮ ಸೀಮೆಗೆ ಲಾವಾದ ನಂಟೇ ಇಲ್ಲ ಎಂದುಕೊಳ್ಳಬೇಡಿ. ಶಿವಮೊಗ್ಗ, ಹಾವೇರಿ ಭಾಗದ ಹಳೆಯ ಕಲ್ಲುಗಳ ಪಟ್ಟಿಯಲ್ಲಿ ಭೂವಿಜ್ಞಾನಿಗಳು ಒಂದು ಪದರಕ್ಕೆ ರಾಣೆಬೆನ್ನೂರಿನ ಹೆಸರಿಟ್ಟಿದ್ದಾರೆ, ಇನ್ನೊಂದಕ್ಕೆ ರಟ್ಟೀಹಳ್ಳಿ ಸೀಮೆಯ ಮೇದೂರಿನ ಹೆಸರಿಟ್ಟಿದ್ದಾರೆ. ಮೇದೂರು ಪದರದಲ್ಲಿ ಇರುವುದು ಲಾವಾರಸದ ಕಲ್ಲೇ, 250 ಕೋಟಿಗೂ ಹೆಚ್ಚು ವರ್ಷ ಹಳೆಯದು. ಡೆಕ್ಕನ್ ಲಾವಾ ಅದರ ಮುಂದೆ ಮೊನ್ನೆ ಮೊನ್ನೆಯ ಮಗು. ಕಲ್ಯಾಣ ಚಾಲುಕ್ಯರ ಕಾಲದಿಂದ ನಮ್ಮ ಗುಡಿಗಳಲ್ಲಿ ಕೆತ್ತನೆಗೆ ಬಳಕೆಯಾದ ಬಳಪದ ಕಲ್ಲೂ ಅನೇಕ ಕಡೆ ಹೀಗೇ ಆದದ್ದು: ಮೆಗ್ನೀಸಿಯಂ ತುಂಬಿದ ಹಳೆಯ ಅಗ್ನಿಶಿಲೆ ನೆಲದೊಳಗೆ ಬಿಸಿನೀರಿಗೆ ಸಿಕ್ಕಿ, ಉಗುರಿಗೆ ಗೀರು ಬೀಳುವಷ್ಟು ಮೆತ್ತಗಾಗಿರುವುದು. ಚಿಕ್ಕೇರೂರಿನ ಸುತ್ತ ಗುಡಿ ನೋಡಲು ಹೋದಾಗ ಕಂಬದ ನುಣುಪನ್ನು ಈ ಕಣ್ಣಿಂದಲೂ ನೋಡಬಹುದು.

ನಿಜವಾದ ಲಾವಾ ನೋಡಬೇಕೆಂದರೆ

ಕರ್ನಾಟಕದಲ್ಲಿ ಎರಡು ಜಾಗ ಇವೆ, ಎರಡನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಮೊದಲನೆಯದು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ. ಜನ ಹೋಗುವುದು ಕಡಿಮೆ. ಬಂಡೆಯ ಮೇಲೆ ಯಾರೋ ದಿಂಬುಗಳನ್ನು ಒಟ್ಟಿದಂತೆ ದುಂಡು ದುಂಡು ಆಕಾರಗಳು. ನೀರಿನೊಳಗೆ ಲಾವಾ ಉಕ್ಕಿದರೆ ಹೊರಮೈ ತಕ್ಷಣ ತಣಿದು ಚಕ್ಕೆಗಟ್ಟುತ್ತದೆ, ಒಳಗಿನ ಬಿಸಿ ರಸ ಅದನ್ನು ಒಡೆದುಕೊಂಡು ಮತ್ತೊಂದು ಉಂಡೆಯಾಗಿ ಹೊರಬರುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ. ಚಿತ್ರದುರ್ಗದ ಬಿಸಿಲಲ್ಲಿ ನಿಂತು, ಇಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರು ತುಂಬಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿಯನ್ನೇ ಮುಟ್ಟಬಹುದು. ನೋಡುವ ಪಾಯಿಂಟು, ಸೂರ್ಯಾಸ್ತ, ಚಹಾ ಅಂಗಡಿ ಇಲ್ಲ ಎಂಬ ಕಾರಣಕ್ಕೆ ಇಂಥ ಜಾಗ ಯಾರ ಪಟ್ಟಿಯಲ್ಲೂ ಬರುವುದಿಲ್ಲ, ಅದು ನಮ್ಮ ಕೊರಗು.

ಎರಡನೆಯದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಐದಾರು ಮೂಲೆಯ ಕಲ್ಲುಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗಿದೆ. ಇದರ ಬಗ್ಗೆಯೂ ‘ಮನುಷ್ಯರು ಕಡಿದು ಜೋಡಿಸಿದ್ದು’, ‘ಮುಳುಗಿದ ನಗರ’ ಎಂಬ ಸಂದೇಶಗಳಿವೆ. ದಪ್ಪನೆಯ ಲಾವಾ ನಿಧಾನವಾಗಿ ಆರುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಕೆರೆಯ ತಳದ ಕೆಸರು ಒಣಗಿ ಆರು ಮೂಲೆಯ ಹೆಂಟೆಗಳಾಗುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಅದೇ ಬಿರುಕು ಕೆಳಗಿನವರೆಗೆ ಇಳಿದರೆ ಕಂಬ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.5ರಿಂದ 9 ಕೋಟಿ ವರ್ಷ ಹಿಂದಿನ ಲಾವಾ ಇದು. ಡೆಕ್ಕನ್ ಟ್ರ್ಯಾಪಿಗೂ ಇದಕ್ಕೂ ಸಂಬಂಧವಿಲ್ಲ. ಎಲ್ಲರೂ ಇದನ್ನು ಬಸಾಲ್ಟ್ ಎಂದು ಕರೆಯುತ್ತಾರೆ, ಆದರೆ ಇಲ್ಲಿನ ಕಲ್ಲಿನಲ್ಲಿ ಸಿಲಿಕಾ ಬಸಾಲ್ಟಿಗಿಂತ ಹೆಚ್ಚು. ಅದು ರಯೊಲೈಟ್, ಡೇಸೈಟ್ ಗುಂಪಿನದು. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ವಿಚಾರಿಸಿಕೊಂಡೇ ಹೊರಡಿ. ನೆನಪಿಗೆ ಎಂದು ಕಲ್ಲಿನ ಚೂರು ಜೇಬಿಗಿಳಿಸಬೇಡಿ.

ಮತ್ತೆ ಉಕ್ಕಬಹುದೇ?

ಜ್ವಾಲಾಮುಖಿ ಹುಟ್ಟಲು ಭೂಮಿಯ ಹೊರಚಿಪ್ಪಿನ ಎರಡು ಫಲಕ ಗುದ್ದಾಡುವ ಅಥವಾ ದೂರ ಸರಿಯುವ ಜಾಗ ಬೇಕು, ಇಲ್ಲವೇ ಆಳದಿಂದ ಬಿಸಿ ಉಕ್ಕುವ ತಾಣ ಬೇಕು. ಕರ್ನಾಟಕದಡಿ ಇಂದು ಎರಡೂ ಇಲ್ಲ. ಡೆಕ್ಕನ್ ಲಾವಾ ಉಕ್ಕಿಸಿದ್ದು ಎಂದು ಬಹುತೇಕ ವಿಜ್ಞಾನಿಗಳು ಹೇಳುವ ಬಿಸಿ ತಾಣ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ, ಅಲ್ಲಿ ಇಂದಿಗೂ ಲಾವಾ ಹರಿಯುತ್ತದೆ. ತಾಣ ಅಲ್ಲೇ ಇದೆ. ಭಾರತ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ದೂರ ಬಂದಿದೆ.

ಭಾರತದ ಒಂದೇ ಒಂದು ಜೀವಂತ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. 1991ರಲ್ಲಿ ಬಹುಕಾಲದ ನಂತರ ಎದ್ದದ್ದು, ಅಲ್ಲಿಂದೀಚೆಗೆ ಆಗಾಗ ಬೂದಿ, ಲಾವಾ ಉಗುಳುತ್ತಿದೆ. ಅಲ್ಲಿ ಭಾರತದ ಫಲಕ ಪಕ್ಕದ ಫಲಕದಡಿ ಜಾರುತ್ತಿದೆ, ಅದಕ್ಕೇ.

2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದು, ಸಣ್ಣ ಕಂಪನಗಳು ಬಂದಾಗ ಜನ ರಾತ್ರಿ ಮನೆಯ ಹೊರಗೆ ಕಳೆದರು. ಲಾವಾ ನೆಲದ ಊರಾದ್ದರಿಂದ ‘ಜ್ವಾಲಾಮುಖಿ ಏಳುತ್ತಿದೆ’ ಎಂಬ ಭಯವೂ ಸುಲಭ. ಅವು ಸಣ್ಣ ಭೂಕಂಪಗಳ ಸರಣಿ. ಮಳೆಗಾಲದ ನಂತರ ನೀರು ಬಂಡೆಯ ಬಿರುಕಿಗೆ ಇಳಿದಾಗ ಇಂಥ ಕಂಪನ ಆಗುವುದುಂಟು. ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥದ ಬಿಸಿನೀರಿನ ಬುಗ್ಗೆಯೂ ಜ್ವಾಲಾಮುಖಿಯ ಗುರುತಲ್ಲ. ಆಳಕ್ಕೆ ಹೋದಷ್ಟೂ ಎಲ್ಲ ಕಡೆಯೂ ನೆಲ ಬೆಚ್ಚಗಿರುತ್ತದೆ, ಆ ಬಿರುಕಿನಿಂದ ಮೇಲೆ ಬಂದ ನೀರು ಅದು.

ನೆಲದಿಂದ ಹೊಗೆ ಬಂದರೆ ಹತ್ತಿರ ಹೋಗಬೇಡಿ

ಈ ಲೇಖನದಲ್ಲಿ ಒಂದೇ ಭಾಗ ಹಂಚಿಕೊಳ್ಳುವುದಾದರೆ ಇದನ್ನು ಹಂಚಿಕೊಳ್ಳಿ. ಕರ್ನಾಟಕದಲ್ಲಿ ‘ಭೂಮಿಯಿಂದ ಲಾವಾ ಬರುತ್ತಿದೆ’ ಎಂಬ ವಿಡಿಯೊ ನಿಮ್ಮ ಊರಿನದೇ ಆಗಿದ್ದರೆ, ಅದು ಜ್ವಾಲಾಮುಖಿ ಅಲ್ಲ ಎಂದು ನಕ್ಕು ಸುಮ್ಮನಾಗುವಂತಿಲ್ಲ. ಜ್ವಾಲಾಮುಖಿ ಅಲ್ಲದ, ಆದರೆ ಕೊಲ್ಲಬಲ್ಲ ಎರಡು ಕಾರಣ ಇರಬಹುದು.

ಒಂದು, ನೆಲದೊಳಗೆ ಹೂತ ಕಸ ಉರಿಯುವುದು. 2017ರ ಏಪ್ರಿಲ್‌ನಲ್ಲಿ ಮೈಸೂರಿನ ಹೊರವಲಯದ ಶ್ಯಾದನಹಳ್ಳಿಯಲ್ಲಿ ನೋಡಲು ಮಾಮೂಲಿಯಾಗಿದ್ದ ಬಯಲಲ್ಲಿ ಕಾಲಿಟ್ಟ 14 ವರ್ಷದ ಬಾಲಕ ಸುಟ್ಟ ಗಾಯಗಳಿಂದ ಸತ್ತ. ಆಗಲೂ ಜ್ವಾಲಾಮುಖಿಯ ಮಾತು ಹರಿದಾಡಿತ್ತು. ಅದು ಕಾರ್ಖಾನೆ ತ್ಯಾಜ್ಯ ಸುರಿಯುತ್ತಿದ್ದ ಜಾಗ. ಇಂಥ ಕಡೆ ಮೇಲೆ ಬೂದಿ ಅಥವಾ ತೆಳು ಮಣ್ಣು, ಜ್ವಾಲೆ ಕಾಣುವುದಿಲ್ಲ, ಒಳಗೆ ಕೆಂಡ. ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟಿನ ಬೂದಿ, ಊರ ತಿಪ್ಪೆಯಲ್ಲೂ ಸಣ್ಣ ಪ್ರಮಾಣದಲ್ಲಿ ಹೀಗೇ ಆಗುತ್ತದೆ: ಮೇಲೆ ಆರಿದಂತೆ ಕಂಡರೂ ಒಳಗೆ ದಿನಗಟ್ಟಲೆ ಕಾವು. ಮಕ್ಕಳು, ದನಗಳು ಮೊದಲು ಸಿಕ್ಕಿಬೀಳುವುದು.

ಇನ್ನೊಂದು ವಿದ್ಯುತ್. ಹೈಟೆನ್ಷನ್ ತಂತಿ ಹರಿದು ನೆಲಕ್ಕೆ ತಾಗಿದರೆ, ಕಂಬದ ಅರ್ಥಿಂಗ್ ಕೆಟ್ಟು ವಿದ್ಯುತ್ ಮಣ್ಣಿಗೆ ಹರಿದರೆ, ಆ ಬಿಂದುವಿನಲ್ಲಿ ಕಾವು ಸಾವಿರ ಡಿಗ್ರಿ ದಾಟಿ ಮಣ್ಣು ಕಲ್ಲು ಕರಗಿ ಗಾಜಿನಂತೆ ಹರಿಯುತ್ತದೆ. ನೋಡಲು ಥೇಟ್ ಲಾವಾ! ದೇಶದ ಬೇರೆ ಬೇರೆ ಕಡೆ ಸುದ್ದಿಯಾದ ಇಂಥ ‘ಲಾವಾ’ಗಳ ಪಕ್ಕದಲ್ಲಿ ಕರೆಂಟ್ ಕಂಬ ಇದ್ದದ್ದು ಕಾಕತಾಳೀಯವಲ್ಲ. ಇಲ್ಲಿ ಅಪಾಯ ಕಾವಿನದಷ್ಟೇ ಅಲ್ಲ, ಸುತ್ತಲಿನ ನೆಲದ್ದು. ಬಿಂದುವಿನಿಂದ ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ, ಹಾಗಾಗಿ ನಿಮ್ಮ ಎರಡು ಕಾಲುಗಳ ನಡುವೆಯೇ ವ್ಯತ್ಯಾಸ ಉಂಟಾಗಿ ಕರೆಂಟು ಒಂದು ಕಾಲಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ದನಗಳ ಕಾಲುಗಳ ಅಂತರ ಹೆಚ್ಚು, ಅದಕ್ಕೇ ತಂತಿ ಬಿದ್ದ ಹೊಲದಲ್ಲಿ ಎತ್ತು ಮೊದಲು ಬೀಳುವುದು. ಹತ್ತಿರ ಸಿಕ್ಕಿಕೊಂಡಿದ್ದರೆ ದಾಪುಗಾಲು ಹಾಕಬೇಡಿ. ಎರಡೂ ಪಾದ ಕೂಡಿಸಿಕೊಂಡು, ಒಂದಕ್ಕೊಂದು ತಾಗಿದಂತೆ ಸ್ವಲ್ಪ ಸ್ವಲ್ಪವೇ ಜಾರಿಸುತ್ತ ಹಿಂದೆ ಸರಿಯಿರಿ. ನೀರು ಸುರಿಯಬೇಡಿ, ಕೋಲಿನಿಂದ ಕೆದಕಬೇಡಿ, ವಿಡಿಯೊಗಾಗಿ ಬಾಗಬೇಡಿ. ವಿದ್ಯುತ್ ದೂರಿಗೆ 1912, ತುರ್ತಿಗೆ 112.

ಶಿಖರದಲ್ಲಿ ಆಮ್ಲಜನಕ, ಕರ್ಪೂರ, ಸಿಡಿಲು

‘ಮುಳ್ಳಯ್ಯನಗಿರಿಯಲ್ಲಿ ಆಕ್ಸಿಜನ್ ಕಡಿಮೆ, ಕರ್ಪೂರ ಮೂಸುತ್ತಿರಿ’ ಎಂಬ ಸಲಹೆ ಕೇಳಿರಬಹುದು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಸುಮಾರು 21 ಶೇಕಡವೇ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಕಡಲತೀರದ ಒತ್ತಡವನ್ನು 100 ಎಂದುಕೊಂಡರೆ, ಸುಮಾರು 600 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಅದು 93, ಮುಳ್ಳಯ್ಯನಗಿರಿಯ ತುದಿಯಲ್ಲಿ ಸುಮಾರು 80. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ಆರೋಗ್ಯವಂತರಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಅದು ಮೆಟ್ಟಿಲಿನ ಕೆಲಸ. ಹೃದಯದ, ಶ್ವಾಸಕೋಶದ ತೊಂದರೆ ಇದ್ದವರು, ಹಿರಿಯರು ನಿಧಾನಿಸಿ. ಎದೆನೋವು, ಕೂತರೂ ನಿಲ್ಲದ ಉಬ್ಬಸ ಬಂದರೆ ಇಳಿದು ಆಸ್ಪತ್ರೆಗೆ ಹೋಗಬೇಕೇ ಹೊರತು ಕರ್ಪೂರ ಹುಡುಕುವುದಲ್ಲ. ಕರ್ಪೂರ ರಕ್ತಕ್ಕೆ ಆಮ್ಲಜನಕ ಕೊಡುವುದಿಲ್ಲ, ಮೂಗು ತೆರೆದಂತೆ ಅನಿಸುವುದು ಅದರ ತಂಪಿನಿಂದ. ಮಕ್ಕಳು ನುಂಗಿದರೆ ಅದು ವಿಷ, ಫಿಟ್ಸ್ ಬರಬಹುದು.

ನಿಜವಾದ ಅಪಾಯ ಸಿಡಿಲು. ‘ಮೊಬೈಲ್ ಸ್ವಿಚ್ ಆಫ್ ಮಾಡಿ, ಅದು ಸಿಡಿಲನ್ನು ಎಳೆಯುತ್ತದೆ’ ಎನ್ನುವುದು ಸುಳ್ಳು. ಎಳೆಯುವುದು ಎತ್ತರ. ಬೋಳು ಶಿಖರದ ಮೇಲೆ ನಿಂತವರೇ ಅಲ್ಲಿ ಅತಿ ಎತ್ತರದ ವಸ್ತು. ಗುಡುಗು ಕೇಳಿಸಿತೆಂದರೆ ಸಿಡಿಲು ತಲುಪುವಷ್ಟು ಹತ್ತಿರದಲ್ಲಿದ್ದೀರಿ ಎಂದೇ ಲೆಕ್ಕ. ತಡಮಾಡದೆ ಇಳಿದು ಗಾಜು ಏರಿಸಿದ ಬಸ್ಸು, ಕಾರಿನೊಳಗೆ ಕೂರಿ. ಕೊನೆಯ ಗುಡುಗಾಗಿ 30 ನಿಮಿಷ ಹೊರಬರಬೇಡಿ. ಒಂಟಿ ಮರ, ತಗಡಿನ ಚಪ್ಪರ ಆಸರೆಯಲ್ಲ. ಮೊಬೈಲನ್ನು ಇಡುವುದಕ್ಕಿಂತ ಬಳಸುವುದೇ ಮೇಲು: ‘ದಾಮಿನಿ’, ‘ಸಿಡಿಲು’ ಆ್ಯಪ್‌ಗಳು ಸುತ್ತಮುತ್ತ ಸಿಡಿಲಿನ ಎಚ್ಚರಿಕೆ ಕೊಡುತ್ತವೆ.

ಬಾಲಿಗೆ ಹೋಗುವವರಿಗೆ

ಈಚೆಗೆ ನಮ್ಮ ಊರುಗಳಿಂದಲೂ ಮದುವೆಯಾದ ಜೋಡಿಗಳು ಬಾಲಿಗೆ ಹೋಗುತ್ತಾರೆ. ಅಲ್ಲಿನ ಕಿಂತಾಮಣಿ ಪಾಯಿಂಟಿನಿಂದ ಕಾಣುವುದು ನಿಜವಾದ ಜ್ವಾಲಾಮುಖಿ, 1,717 ಮೀಟರಿನ ಬಾತುರ್. ಬುಡದಲ್ಲಿ ಕಪ್ಪಗೆ ಹರಡಿರುವ ಲಾವಾ ಬಯಲು. 1926ರಲ್ಲಿ ಅದು ಬಾತುರ್ ಹಳ್ಳಿಯನ್ನೇ ನುಂಗಿತ್ತು, ಕೊನೆಯದಾಗಿ 2000ರಲ್ಲಿ ಉಕ್ಕಿತು. ಇಲ್ಲಿ ನಮ್ಮ ಮುಳ್ಳಯ್ಯನಗಿರಿಯ ಧೈರ್ಯ ನಡೆಯದು. ಲಾವಾ ಬಯಲಿನ ಕಲ್ಲು ಒಡೆದ ಗಾಜಿನಷ್ಟು ಹರಿತ, ಚಪ್ಪಲಿ ಸಾಲದು. ಗಂಧಕದ ಹೊಗೆ ಉಬ್ಬಸ ಇದ್ದವರನ್ನು ಕೆಡಿಸುತ್ತದೆ. ‘ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ ಸಾಕು’ ಎನ್ನುವ ಮಾತು ಬೂದಿಯ ಮಟ್ಟಿಗೆ ತುಸು ನಿಜ, ಅನಿಲಕ್ಕೆ ಅಲ್ಲ. ತಗ್ಗುಗಳಲ್ಲಿ ಭಾರದ ಇಂಗಾಲದ ಡೈಆಕ್ಸೈಡ್ ವಾಸನೆಯಿಲ್ಲದೆ ತುಂಬಿರಬಹುದು.

ಜ್ವಾಲಾಮುಖಿ ಶಾಂತವಾಗಿದೆ ಎನ್ನುವುದಕ್ಕೆ ಕಣ್ಣು ಸಾಕ್ಷಿಯಲ್ಲ. 2014ರ ಸೆಪ್ಟೆಂಬರ್ 27ರಂದು ಜಪಾನಿನ ಒಂಟಾಕೆಯಲ್ಲಿ ಶಿಖರ ಏರಿದ್ದ 63 ಜನ ಸತ್ತರು ಅಥವಾ ಕಾಣೆಯಾದರು. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿದ್ದ 47 ಮಂದಿಯಲ್ಲಿ 22 ಜನ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಲಾವಾ ಹರಿಯಲೇ ಇಲ್ಲ. ಒಳಗಿನ ನೀರು ಕಾದು ಒಮ್ಮೆಲೇ ಆವಿಯಾಗಿ, ಪ್ರೆಶರ್ ಕುಕ್ಕರ್ ಸಿಡಿದಂತೆ ಬಂಡೆ ಬೂದಿಯನ್ನು ಎಸೆಯಿತು. ಇಂಥ ಸ್ಫೋಟಕ್ಕೆ ಮುನ್ಸೂಚನೆ ಸಿಗುವುದು ಬಹಳ ಕಡಿಮೆ. ಆದ್ದರಿಂದ ಅಲ್ಲಿನ ಸರ್ಕಾರ ಹಾಕಿದ ಎಚ್ಚರಿಕೆಯ ಹಂತವನ್ನು ಹೊರಡುವ ದಿನವೇ ನೋಡಿ. ‘ದಿನಾ ಹೋಗ್ತೀವಿ, ಏನೂ ಆಗಲ್ಲ’ ಎನ್ನುವ ಗೈಡಿನ ಮಾತು ಸಾಲದು.

ಫಾರ್ವರ್ಡ್ ಬಂದಾಗ

ಲಾವಾದ ಫೋಟೊ ಬಂದರೆ ಗೂಗಲ್ ಲೆನ್ಸ್‌ಗೆ ಹಾಕಿ. ಹೆಚ್ಚಿನವು ಹವಾಯಿ, ಐಸ್‌ಲ್ಯಾಂಡ್ ಅಥವಾ ಇಟಲಿಯವು ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ವಿಡಿಯೊ ಆದರೆ ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕಿ. ಸಂದೇಶದಲ್ಲಿ ಊರಿನ ಹೆಸರು, ದಿನಾಂಕ ಇಲ್ಲದಿದ್ದರೆ ಅಲ್ಲೇ ಅನುಮಾನ ಶುರುವಾಗಲಿ.

ಇನ್ನು ನಿಮ್ಮ ಊರಿನ ಅಡಿಯಲ್ಲಿ ಯಾವ ಕಲ್ಲಿದೆ ಎಂಬ ಕುತೂಹಲ ಇದ್ದರೆ, ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ‘ಭೂಕೋಶ್’ ಜಾಲತಾಣದಲ್ಲಿ ನಕ್ಷೆಗಳು ಉಚಿತವಾಗಿವೆ. ಮೊಬೈಲಿನಲ್ಲಿ ತುಸು ನಿಧಾನ, ಕಂಪ್ಯೂಟರಿನಲ್ಲಿ ತೆರೆದರೆ ಒಳ್ಳೆಯದು. ಹಾವೇರಿ ಜಿಲ್ಲೆಗೆ ಹೋಗಿ ಹಿರೇಕೆರೂರು, ರಟ್ಟೀಹಳ್ಳಿಯ ಮೇಲೆ ನಕ್ಷೆಯನ್ನು ಹಿಗ್ಗಿಸಿ. ಬಣ್ಣಬಣ್ಣದ ಪಟ್ಟೆಗಳಲ್ಲಿ ಹಳೆಯ ಲಾವಾದ ಪಟ್ಟೆ ಯಾವುದು ಎಂದು ಪಕ್ಕದ ವಿವರಣೆಯಲ್ಲೇ ಬರೆದಿರುತ್ತದೆ.